ಮೆತ್ತನೆಯ ಮರಕ್ಕೆ ಹರಿತದ ಅಲಗು: ಮಾದರಿ ವಿಮಾನ ಕಟ್ಟುವ ಸಲಕರಣೆಗಳ ಹೋಲಿಕೆ

ಮರ ಇಷ್ಟು ಮೆತ್ತಗಿದೆಯಲ್ಲ, ಎಂಥ ಚಾಕುವಾದರೂ ನಡೆದೀತು ಎಂದು, ಮಾದರಿ ವಿಮಾನ ಕಟ್ಟಲು ಬಳಸುವ ಬಾಲ್ಸಾ ಎಂಬ ಹಗುರ ಮರವನ್ನು ಮೊದಲ ಸಲ ಕೈಗೆತ್ತಿಕೊಂಡವರಿಗೆ ಅನಿಸುತ್ತದೆ. ನಿಜ ಅದಕ್ಕೆ ತದ್ವಿರುದ್ಧ. ತೇಗದಂಥ ಗಟ್ಟಿ ಮರ ಅಲಗಿಗೆ ಎದುರು ನಿಲ್ಲುತ್ತದೆ, ನಿಲ್ಲುವುದರಿಂದಲೇ ಕತ್ತರಿಸಿಕೊಳ್ಳುತ್ತದೆ. ಬಾಲ್ಸಾ ನಿಲ್ಲುವುದಿಲ್ಲ. ಅದರ ಕೋಶಗಳು ದೊಡ್ಡವು, ಗೋಡೆಗಳು ತೆಳು. ಅಲಗು ಸ್ವಲ್ಪ ಮೊಂಡಾದರೂ ಸಾಕು, ಕತ್ತರಿಸುವ ಮೊದಲೇ ಅವು ಕುಸಿದು ಜಜ್ಜಿಹೋಗುತ್ತವೆ. ಮಾದರಿಗಳಿಗೆ ಆರಿಸುವ ಹಲಗೆ ಸಾಮಾನ್ಯವಾಗಿ ಘನ ಮೀಟರಿಗೆ 100ರಿಂದ 160 ಕಿಲೋ ತೂಗುತ್ತದೆ. ಅಷ್ಟೇ ಗಾತ್ರದ ನೀರಿನ ತೂಕದಲ್ಲಿ ಆರನೇ ಒಂದು ಪಾಲೂ ಇಲ್ಲ. ಆದ್ದರಿಂದ ಯಾವ ಸಲಕರಣೆ ಕೈಗೆ ಬಂದರೂ ನಾನು ಮೊದಲು ನೋಡುವುದು ಒಂದನ್ನೇ: ಇದು ಮರದ ಎಳೆಯನ್ನು ಕತ್ತರಿಸುತ್ತದೆಯೋ, ಜಜ್ಜುತ್ತದೆಯೋ?

ಚಾಕುವಿನಲ್ಲಿ ನಾನು ನಾಲ್ಕು ಬಗೆಯವನ್ನು ಅಕ್ಕಪಕ್ಕ ಇಟ್ಟು ಬಳಸುತ್ತ ಬಂದಿದ್ದೇನೆ. ಎಕ್ಸ್-ಆಕ್ಟೊ ಮಾದರಿಯ ಹಿಡಿಕೆಗೆ 11ನೇ ನಂಬರಿನ ಅಲಗು, ಶಸ್ತ್ರವೈದ್ಯರು ಬಳಸುವ ಸ್ಕಾಲ್ಪೆಲ್, ತುದಿ ಮುರಿದು ಹೊಸದು ಮಾಡಿಕೊಳ್ಳುವ ಓಲ್ಫಾ ಬಗೆಯ ಚಾಕು, ಮತ್ತು ಒಂದೇ ಅಂಚಿನ ರೇಜರ್ ಬ್ಲೇಡು. ಎಲ್ಲವೂ ಹೊಸದಿದ್ದಾಗ ಹರಿತವೇ. ವ್ಯತ್ಯಾಸ ಕಾಣುವುದು ದಪ್ಪದಲ್ಲಿ. 11ನೇ ನಂಬರಿನ ಅಲಗು ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಸ್ಕಾಲ್ಪೆಲ್ ಮತ್ತು 9 ಮಿಲಿಮೀಟರ್ ಅಗಲದ ಓಲ್ಫಾ ಅಲಗು ಸುಮಾರು 0.4, ರೇಜರ್ ಬ್ಲೇಡು ಸುಮಾರು 0.23. ಮೊನೆ ಎಷ್ಟೇ ಹರಿತವಿರಲಿ, ಅದರ ಹಿಂದೆ ಬರುವ ಲೋಹ ಮರವನ್ನು ಎರಡೂ ಬದಿಗೆ ತಳ್ಳಲೇಬೇಕು. 1.5 ಮಿಲಿಮೀಟರ್ ಹಾಳೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. 3 ಮಿಲಿಮೀಟರ್ ಹಾಳೆಯನ್ನು ಎಳೆಗೆ ಅಡ್ಡವಾಗಿ ಕತ್ತರಿಸಿ ನೋಡಿ, ಅಂಚು ದುಂಡಗೆ ಒಳಗೆ ಬಾಗಿರುತ್ತದೆ. ಆ ಬಾಗಿದ ಅಂಚಿನ ಮೇಲೆ ಅಂಟಿನ ಜೋಡಣೆ ಸರಿಯಾಗಿ ಕೂರುವುದಿಲ್ಲ.

ರೆಕ್ಕೆಯ ರಿಬ್‌ಗಳಿಗೆ, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳಿಗೆ, ನನ್ನ ಆಯ್ಕೆ ಸ್ಕಾಲ್ಪೆಲ್. 3ನೇ ನಂಬರಿನ ಹಿಡಿಕೆಗೆ 10ಎ ಅಲಗು ಹಾಕಿಕೊಂಡರೆ ಏರ್‌ಫಾಯಿಲ್‌ನ, ಅಂದರೆ ರೆಕ್ಕೆಯ ಅಡ್ಡಕೊಯ್ತದ ಆಕಾರದ, ಬಾಗಿದ ಗೆರೆಯನ್ನು ಕೈ ತಾನಾಗಿ ಹಿಂಬಾಲಿಸುತ್ತದೆ. ರೆಕ್ಕೆಯ ಉದ್ದಕ್ಕೂ ಹೋಗುವ ಸ್ಪಾರ್ ಎಂಬ ತೊಲೆ ಕೂರುವ ಚೌಕದ ಕಚ್ಚಿನ ಮೂಲೆಗೂ ಮೊನೆ ಒಳಹೊಕ್ಕು ಚೊಕ್ಕಟವಾಗಿ ಬಿಡಿಸುತ್ತದೆ. ಆದರೆ ಸ್ಕಾಲ್ಪೆಲ್ ತಿರುಚುವಿಕೆಯನ್ನು ಸಹಿಸುವುದಿಲ್ಲ. ಅಲಗು ಮರದೊಳಗಿರುವಾಗ ಮಣಿಕಟ್ಟು ತಿರುಗಿದರೆ ಮೊನೆ ಮುರಿದು ಎಗರುತ್ತದೆ. ಕನ್ನಡಕ ಹಾಕದೆ ಅದನ್ನು ಮುಟ್ಟಬಾರದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇಲ್ಲಿ 11ನೇ ನಂಬರಿನ ದಪ್ಪವೇ ಅದರ ಗುಣ: ತೆಳು ಪ್ಲೈವುಡ್, ಬಾಸ್‌ವುಡ್ ಪಟ್ಟಿ, ಒಣಗಿದ ಅಂಟಿನ ಉಂಡೆ ಇಂಥವಕ್ಕೆಲ್ಲ ಅದು ಜಗ್ಗುವುದಿಲ್ಲ. ಅದಕ್ಕಾಗಿ ಅದನ್ನು ಇಟ್ಟುಕೊಂಡಿದ್ದೇನೆ, ಬಾಲ್ಸಾಕ್ಕೆ ಮಾತ್ರ ಹಚ್ಚುವುದಿಲ್ಲ.

ಉದ್ದನೆಯ ನೇರ ಗೆರೆಗೆ ಓಲ್ಫಾ ಗೆಲ್ಲುತ್ತದೆ, ಅದೂ ನಿಚ್ಚಳವಾಗಿ. 1956ರಲ್ಲಿ ಒಸಾಕಾದ ಯೋಶಿಯೊ ಒಕಾಡಾ ಈ ಮುರಿಯುವ ಅಲಗನ್ನು ರೂಪಿಸಿದಾಗ ಅವರ ಮುಂದಿದ್ದದ್ದು ಕಾಗದ ಕತ್ತರಿಸುವ ಕೆಲಸ. ಆದರೂ ಬಾಲ್ಸಾದವರಿಗೆಂದೇ ಮಾಡಿದಂತಿದೆ. ಹರಿತ ಹೋಯಿತೇ? ಒಂದು ತುಂಡು ಮುರಿದರೆ ಮತ್ತೆ ಹೊಸ ಮೊನೆ. ಬೇರೆ ಚಾಕುಗಳಲ್ಲಿ ಅಲಗು ಬದಲಿಸಲು ಹಿಡಿಕೆ ಬಿಚ್ಚಬೇಕು, ಹಾಗಾಗಿ ‘ಇದೊಂದು ಕತ್ತರಿಸಿ ಆಮೇಲೆ ಬದಲಿಸೋಣ’ ಎಂದು ಮನಸ್ಸು ಮುಂದೂಡುತ್ತದೆ, ಆ ಒಂದರಲ್ಲೇ ಹಾಳೆ ಹಾಳಾಗುತ್ತದೆ. ಓಲ್ಫಾದಲ್ಲಿ ಆ ನೆಪವೇ ಇಲ್ಲ. ಉಕ್ಕಿನ ಅಳತೆಪಟ್ಟಿಗೆ ಆನಿಸಿ ಮೊದಲ ಸಲ ಬರೀ ಗೀರು, ಎರಡನೆಯದು ಅದೇ ಗೀರಿನಲ್ಲಿ ಇನ್ನಷ್ಟು ಆಳ, ಮೂರನೆಯದಕ್ಕೆ ಹಾಳೆ ಬೇರೆಯಾಗಬೇಕು. ಒಂದೇ ಸಲ ಒತ್ತಿದರೆ ಅಲಗು ಗೆರೆ ಬಿಟ್ಟು ಎಳೆಯ ಹಿಂದೆ ಹೋಗಿಬಿಡುತ್ತದೆ. ಇದರ ಕೊರತೆಯೆಂದರೆ ಅಲಗು ತನ್ನ ಜಾಡಿನಲ್ಲಿ ತುಸು ಅಲ್ಲಾಡುವುದು. ಸಣ್ಣ ಬಾಗುಗಳಲ್ಲಿ ಆ ಅಲ್ಲಾಟ ಕಣ್ಣಿಗೆ ಕಾಣುತ್ತದೆ.

ರೇಜರ್ ಬ್ಲೇಡಿಗೆ ಒಂದೇ ಕೆಲಸ. ಪಟ್ಟಿಗಳನ್ನು ಮೇಲಿನಿಂದ ನೇರ ಒತ್ತಿ ಕತ್ತರಿಸುವುದಕ್ಕೆ ಅದಕ್ಕೆ ಸಮನಾದದ್ದು ಇಲ್ಲ. ವಿಮಾನದ ದೇಹದ ಓರೆ ಕಡ್ಡಿಗಳನ್ನು ಕೂದಲೆಳೆಯಷ್ಟು ಸವರಿ ಕೂರಿಸುವಾಗ ನಾನು ಬೇರೆ ಏನನ್ನೂ ಹಿಡಿಯುವುದಿಲ್ಲ. 6 ಮಿಲಿಮೀಟರ್ ದಾಟಿದ ಕಡ್ಡಿಗೆ ಯಾವ ಚಾಕುವೂ ಬೇಡ, ಸಣ್ಣ ಹಲ್ಲಿನ ಗರಗಸ ತೆಗೆದುಕೊಳ್ಳಿ. ತಳ್ಳುವ ರೇಜರ್ ಗರಗಸಕ್ಕೂ ಎಳೆಯುವ ಜಪಾನಿ ಗರಗಸಕ್ಕೂ ನಡುವೆ ಎಳೆಯುವುದೇ ಮೇಲು. ಎಳೆಯುವಾಗ ಅಲಗು ಬಿಗಿಯಾಗಿ ನೇರ ನಿಲ್ಲುವುದರಿಂದ ಅದನ್ನು ತೆಳುವಾಗಿಯೇ ಮಾಡಬಹುದು, ಕೊಯ್ತವೂ ತೆಳುವಾಗಿ ಬರುತ್ತದೆ.

ರೆಕ್ಕೆಯ ಮುಂಚೂಣಿ ಅಂಚಿಗೆ, ಅಂದರೆ ಲೀಡಿಂಗ್ ಎಡ್ಜ್‌ಗೆ, ರೂಪ ಕೊಡುವುದರಲ್ಲಿ ಸಣ್ಣ ಹತ್ತರಿ ಒಂದು ಕಡೆ, ಸ್ಯಾಂಡ್‌ಪೇಪರ್ ಹಚ್ಚಿದ ಪಟ್ಟಿ ಇನ್ನೊಂದು ಕಡೆ. ರೇಜರ್ ಬ್ಲೇಡು ಕೂರಿಸಿದ ಹತ್ತರಿ ಬೇಗ ಕೀಸುತ್ತದೆ, ಧೂಳಿನ ಬದಲು ಸುರುಳಿ ಬರುತ್ತದೆ, ಉಸಿರಿಗೆ ಅದು ಎಷ್ಟೋ ವಾಸಿ. ಬ್ಲೇಡು ಹೊರಗೆ ಚಾಚಿರುವುದು ಕಾಗದದಷ್ಟೇ ಇರಬೇಕು, ಹೆಚ್ಚಾದರೆ ಎಳೆ ಕಿತ್ತುಬರುತ್ತದೆ. ಎಳೆಯ ದಿಕ್ಕು ನಡುವೆ ಬದಲಾಗುವ ಹಲಗೆಯಲ್ಲಂತೂ ಹತ್ತರಿ ನಂಬಿಕೆಗೆ ಅರ್ಹವಲ್ಲ. ಮುಕ್ಕಾಲು ಕೆಲಸ ಹತ್ತರಿಗೆ, ಉಳಿದದ್ದು ಸ್ಯಾಂಡ್‌ಪೇಪರಿಗೆ, ಇದು ನಾನು ಬಿಡದೆ ಪಾಲಿಸುವ ಕ್ರಮ.

ಸ್ಯಾಂಡ್‌ಪೇಪರಿನ ವಿಷಯದಲ್ಲಿ ಕಾಗದಕ್ಕಿಂತ ಅದರ ಹಿಂದಿರುವ ಹಲಗೆ ಮುಖ್ಯ. ಬೆರಳಿನಲ್ಲಿ ಹಿಡಿದು ಉಜ್ಜಿದರೆ, ಅಥವಾ ಸ್ಪಂಜಿನ ಬ್ಲಾಕು ಬಳಸಿದರೆ, ರಿಬ್‌ಗಳ ನಡುವಿನ ಮೆತ್ತನೆಯ ಭಾಗ ತಗ್ಗಾಗಿ ರಿಬ್‌ಗಳು ಪಕ್ಕೆಲುಬಿನಂತೆ ಎದ್ದು ಕಾಣುತ್ತವೆ. ಅಲ್ಯೂಮಿನಿಯಂನ ಉದ್ದನೆಯ ಟಿ-ಪಟ್ಟಿ ಒಂದೇ ಸಲಕ್ಕೆ ಮೂರು ರಿಬ್‌ಗಳ ಮೇಲಾದರೂ ಕೂರುವಷ್ಟು ಉದ್ದವಿದ್ದರೆ ಆ ತೊಂದರೆಯೇ ಬರುವುದಿಲ್ಲ. ಟಂಗ್‌ಸ್ಟನ್ ಕಾರ್ಬೈಡ್ ಹರಳು ಬೆಸೆದ ಪರ್ಮಗ್ರಿಟ್ ಪಟ್ಟಿಯನ್ನೂ ಪಕ್ಕದಲ್ಲೇ ಇಟ್ಟು ನೋಡಿದ್ದೇನೆ. ಅದು ಬೇಗ ಸವೆಯುವುದಿಲ್ಲ, ಕಾಗದ ಬದಲಿಸುವ ಗೋಜಿಲ್ಲ, ಧೂಳು ತುಂಬಿದರೆ ಬ್ರಷ್ಷಿನಿಂದ ಉಜ್ಜಿದರಾಯಿತು. ಪ್ಲೈವುಡ್ ಮತ್ತು ಗಟ್ಟಿ ಅಂಚುಗಳಿಗೆ ಅದನ್ನು ಮೀರಿಸುವುದು ಬೇರೆ ಇಲ್ಲ. ಬಾಲ್ಸಾದ ಕೊನೆಯ ನಯಕ್ಕೆ ಮಾತ್ರ 240 ಗ್ರಿಟ್, ಆಮೇಲೆ ಅದಕ್ಕಿಂತ ನುಣುಪಾದ 400 ಗ್ರಿಟ್‌ನ ಹೊಸ ಕಾಗದವೇ ಬೇಕು.

ಉಜ್ಜುವ ಮಾತು ಬಂದರೆ ಅಂಟಿನ ಮಾತು ಬರಲೇಬೇಕು. ಸೂಪರ್ ಗ್ಲೂ ಎಂದು ಕರೆಯುವ ಸೈಯನೊಅಕ್ರಿಲೇಟ್ 1942ರಲ್ಲಿ ಕೊಡಾಕ್‌ನ ಹ್ಯಾರಿ ಕೂವರ್ ತಂಡ ಬಂದೂಕಿನ ಗುರಿದರ್ಶಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಸಿಕ್ಕಿದ್ದು. ಎಲ್ಲಕ್ಕೂ ಅಂಟಿಕೊಳ್ಳುತ್ತದೆ ಎಂದು ಆಗ ಅದನ್ನು ಬದಿಗಿಟ್ಟರು, 1958ರಲ್ಲಿ ಅದೇ ಗುಣಕ್ಕಾಗಿ ಮಾರುಕಟ್ಟೆಗೆ ತಂದರು. ಗಾಳಿಯ ಮತ್ತು ಮರದ ತೇವವೇ ಅದನ್ನು ಗಟ್ಟಿ ಮಾಡುತ್ತದೆ, ಸೆಕೆಂಡುಗಳಲ್ಲಿ. ನೀರಿನಂಥ ತೆಳು ಸೈಯನೊ ಬಿಗಿಯಾದ ಜೋಡಣೆಯೊಳಗೆ ತಾನೇ ಹರಿದು ಹೋಗುವುದನ್ನು ನೋಡುವುದೇ ಒಂದು ಸೊಗಸು. ಸಂದು ಇದ್ದರೆ ಅದು ತುಂಬುವುದಿಲ್ಲ, ಮರ ಕುಡಿದುಬಿಡುತ್ತದೆ.

ಆದರೂ ಅಸ್ಥಿಪಂಜರ ಕಟ್ಟುವುದಕ್ಕೆ ನನ್ನ ಮತ ಹಳದಿ ಅಲಿಫ್ಯಾಟಿಕ್ ಮರದಂಟಿಗೆ. ಕಾರಣ ಬಲವಲ್ಲ, ಎರಡರಲ್ಲೂ ಜೋಡಣೆಗಿಂತ ಮೊದಲು ಮರವೇ ಮುರಿಯುತ್ತದೆ. ಕಾರಣ ಜೋಡಣೆಯಲ್ಲಿ ಉಳಿಯುವ ಸೈಯನೊ ಗೆರೆ. ಒಣಗಿದ ಸೈಯನೊ ಗಾಜಿನಂತೆ ಗಟ್ಟಿ, ಅಕ್ಕಪಕ್ಕದ ಬಾಲ್ಸಾ ಮೆತ್ತಗೆ. ಉಜ್ಜಿದಾಗ ಮರ ಇಳಿಯುತ್ತದೆ, ಗೆರೆ ಏಣಾಗಿ ಉಳಿಯುತ್ತದೆ, ಮೇಲೆ ಹೊದಿಕೆಯ ತೆಳು ಪ್ಲಾಸ್ಟಿಕ್ ಫಿಲ್ಮ್ ಹೊದಿಸಿದರೆ ಇನ್ನೂ ಎದ್ದು ಕಾಣುತ್ತದೆ. ಅಲಗು ತಾಗಿದರೆ ಅಲಗಿನ ಮೊನೆಯೂ ಹೋಗುತ್ತದೆ. ಮರದಂಟು ಅರ್ಧ ಗಂಟೆ ಅದುಮಿ ಹಿಡಿಯಬೇಕು, ಪೂರ್ತಿ ಬಲ ಬರಲು ಒಂದು ದಿನ ಬಿಡಬೇಕು. ಬದಲಿಗೆ ಅದು ಮರದ ಜೊತೆಯಲ್ಲೇ ಉಜ್ಜಿಹೋಗುತ್ತದೆ, ಕೂರಿಸಿದ ಮೇಲೂ ಜರುಗಿಸಿ ಸರಿಮಾಡಲು ಹೊತ್ತು ಕೊಡುತ್ತದೆ. ಸೈಯನೊ ನನಗೆ ಮೈದಾನದ ರಿಪೇರಿಗೆ ಮತ್ತು ಹಿಂಜುಗಳನ್ನು ಕೂರಿಸುವುದಕ್ಕೆ. ಬಳಸುವಾಗ ಕಿಟಕಿ ತೆರೆದಿರಲಿ, ಹತ್ತಿ ಬಟ್ಟೆ ದೂರವಿರಲಿ. ಹತ್ತಿಗೆ ಬಿದ್ದರೆ ಅದು ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಎಂಜಿನ್ ಕೂರುವ ಫೈರ್‌ವಾಲಿಗೆ ಎರಡೂ ಅಲ್ಲ, ಎರಡು ಭಾಗ ಬೆರೆಸಿ ಹಚ್ಚುವ ನಿಧಾನದ ಎಪಾಕ್ಸಿ ಅಂಟು.

ಅಂಟು ನಿಧಾನವಾದರೆ ಹಿಡಿದಿಡುವ ವ್ಯವಸ್ಥೆ ಗಟ್ಟಿಯಿರಬೇಕು. ಗುಂಡುಪಿನ್ನು ಹೊಡೆಯುವ ಹಲಗೆಯೋ, ಕಬ್ಬಿಣದ ತಗಡಿನ ಮೇಲೆ ಅಯಸ್ಕಾಂತದ ಹಿಡಿಕೆಗಳೋ? ದೇಹದ ಗೋಡೆಗಳನ್ನು ಲಂಬವಾಗಿ ನಿಲ್ಲಿಸಲು ಅಯಸ್ಕಾಂತ ಬಹಳ ಒಳ್ಳೆಯದು, ಮರಕ್ಕೆ ತೂತೂ ಇಲ್ಲ, ಗಾಯವೂ ಇಲ್ಲ. ಬಾಗಿದ ರೆಕ್ಕೆತುದಿ, ಪದರ ಪದರವಾಗಿ ಅಂಟಿಸಿದ ಅಂಚು ಇಂಥವಕ್ಕೆ ಪಿನ್ನೇ ಸರಿ. ಪಿನ್ನನ್ನು ಕಡ್ಡಿಯ ನಡುವೆ ಚುಚ್ಚದೆ ಎರಡೂ ಬದಿಗೆ ಓರೆಯಾಗಿ ಹೊಡೆದರೆ ಎಳೆ ಸೀಳುವುದಿಲ್ಲ.

ಹೊದಿಕೆಗೆ ಇಸ್ತ್ರಿ ಮತ್ತು ಬಿಸಿಗಾಳಿಯ ಗನ್ ಎರಡನ್ನೂ ಎದುರುಬದುರಾಗಿ ಬಳಸಿದ್ದೇನೆ. ಸಾಮಾನ್ಯ ಪಾಲಿಯೆಸ್ಟರ್ ಫಿಲ್ಮ್ ಅಂಟಿಕೊಳ್ಳುವುದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಬಿಗಿಯುವುದು 150ರ ಆಸುಪಾಸಿನಲ್ಲಿ. ಇಸ್ತ್ರಿಯಲ್ಲಿ ಈ ಎರಡನ್ನೂ ಬೇರೆಯಾಗಿ ಹಿಡಿತದಲ್ಲಿಡಬಹುದು, ಬಟ್ಟೆಯ ಚೀಲ ತೊಡಿಸಿದರೆ ಗೀರೂ ಬೀಳುವುದಿಲ್ಲ. ಗನ್ನಿನ ಗಾಳಿ ಆಗಲೇ ಅಂಟಿಸಿದ ಅಂಚುಗಳಿಗೂ ಹೋಗಿ ಅವನ್ನು ಸಡಿಲಿಸುತ್ತದೆ, ತೆಳು ಹಿಂಬದಿ ಅಂಚನ್ನು ಬಾಗಿಸಿಬಿಡುತ್ತದೆ. ಹಾಗಾಗಿ ಅಂಚು, ಮೂಲೆ, ಸಣ್ಣ ಬಾಲದ ಭಾಗಗಳಿಗೆಲ್ಲ ಇಸ್ತ್ರಿ. ಆದರೆ ತೆರೆದ ರಿಬ್‌ಗಳ ರೆಕ್ಕೆಯ ತುದಿಯನ್ನು ತುಸು ಕೆಳಮುಖವಾಗಿ ತಿರುಚಿ ವಾಷ್‌ಔಟ್ ಕೊಡಬೇಕಾದಾಗ ಗನ್ ಬೇಕು. ಒಂದು ಕೈ ರೆಕ್ಕೆಯನ್ನು ಬೇಕಾದಷ್ಟು ತಿರುಚಿ ಹಿಡಿದಿರುತ್ತದೆ, ಇನ್ನೊಂದು ಕೈ ಬಿಸಿಗಾಳಿಯನ್ನು ಮೇಲೆ ಕೆಳಗೆ ಎರಡೂ ಮೈಗೆ ಸಮನಾಗಿ ಓಡಾಡಿಸುತ್ತದೆ. ಫಿಲ್ಮ್ ಪೂರ್ತಿ ತಣ್ಣಗಾಗುವವರೆಗೆ ತಿರುಚಿದ ಕೈ ಸಡಿಲಿಸಬಾರದು.