ಸೋಯುಜ್‌ನ ಮೂರನೇ ಸೀಟು: ದುಡ್ಡು ಕೊಟ್ಟು ಹೋದ ವರದಿಗಾರನಿಗೆ ಏನೇನು ಸಿಕ್ಕಿತು?

1990ರ ಡಿಸೆಂಬರ್ 2ರಂದು ಬೈಕನೂರು ಉಡಾವಣಾ ಕೇಂದ್ರದಿಂದ ಹೊರಟ ಸೋವಿಯತ್ ಬಾಹ್ಯಾಕಾಶ ನೌಕೆ ಸೋಯುಜ್ ಟಿಎಂ-11ರಲ್ಲಿ ಎರಡು ಸೀಟು ಗಗನಯಾತ್ರಿಗಳಾದ ವಿಕ್ಟರ್ ಅಫನಾಸ್ಯೆವ್ ಮತ್ತು ಮೂಸಾ ಮನಾರೊವ್ ಅವರದು. ಮೂರನೆಯದನ್ನು ಜಪಾನಿನ ಟಿಬಿಎಸ್ ವಾಹಿನಿ ಒಂದು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತ್ತು. ಅದರಲ್ಲಿ ಕೂತವರು 48 ವರ್ಷದ ವರದಿಗಾರ ತೊಯೊಹಿರೊ ಅಕಿಯಾಮ. ಬಾಹ್ಯಾಕಾಶಕ್ಕೆ ಹೋದ ಮೊದಲ ಜಪಾನೀಯರೂ ಅವರೇ, ಮೊದಲ ಪತ್ರಕರ್ತರೂ ಅವರೇ. ಸಾರಿಗೆಯ ಲೆಕ್ಕದಲ್ಲಿ ಈ ಸೇವೆಗೆ ಪೂರ್ತಿ ಅಂಕ. ವರದಿ ಮಾಡುವ ಜಾಗವಾಗಿ ಅರ್ಧ ಅಂಕವೂ ಕಷ್ಟ.

ಸೀಟಿನಲ್ಲಿ ಮಂಡಿ ಎದೆಯ ಕಡೆಗೆ ಮಡಚಿಕೊಂಡೇ ಇರಬೇಕು. ಪ್ರತಿಯೊಬ್ಬರ ಬೆನ್ನಿನ ಅಚ್ಚು ತೆಗೆದು ಅವರಿಗೇ ಅಂತ ಒಂದು ಹಾಸು ಮಾಡುತ್ತಾರೆ. ಇದು ಐಷಾರಾಮಕ್ಕಲ್ಲ. ವಾಪಸ್ ಇಳಿಯುವಾಗ, ನೆಲ ಇನ್ನೊಂದು ಮೀಟರಿನಷ್ಟಿದೆ ಅನ್ನುವಾಗ ಕೆಳಗಿನ ಪುಟ್ಟ ರಾಕೆಟ್‌ಗಳು ಉರಿದರೂ ಒಂದು ಕುಕ್ಕು ಬಿದ್ದೇ ಬೀಳುತ್ತದೆ. ಹಾಸು ಮೈಗೆ ಕೂರದಿದ್ದರೆ ಪೆಟ್ಟು ಬೆನ್ನುಮೂಳೆಗೆ. ಅಕಿಯಾಮ ವಾಪಸಾದದ್ದು ಬೇರೆ ನೌಕೆಯಲ್ಲಿ, ಟಿಎಂ-10ರಲ್ಲಿ. ಹಾಗಾಗಿ ಅವರು ಇಳಿದುಕೊಂಡಿದ್ದ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಮೀರ್‌ನಲ್ಲಿ ಮರೆಯದೆ ಮಾಡಬೇಕಾದ ಕೆಲಸವೆಂದರೆ ಆ ಹಾಸನ್ನು ಒಂದು ನೌಕೆಯಿಂದ ಇನ್ನೊಂದಕ್ಕೆ ಸಾಗಿಸುವುದು.

ತೊಡಕು ಇರುವುದು ದಿನಗಳ ಲೆಕ್ಕದಲ್ಲಿ. ಇಡೀ ಪ್ರವಾಸ 8 ದಿನಕ್ಕೆ ಎರಡು ಗಂಟೆ ಕಡಿಮೆ. (1984ರಲ್ಲಿ ರಾಕೇಶ್ ಶರ್ಮ ಹೋಗಿಬಂದದ್ದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಅವರದು ಸರ್ಕಾರಿ ಅತಿಥಿಯ ಸೀಟು.) ಮೀರ್ ತಲುಪಲು ಎರಡು ದಿನ ಹೋಯಿತು. ತೂಕವಿಲ್ಲದ ಸ್ಥಿತಿಯಲ್ಲಿ ಕಣ್ಣು ಒಂದು ಹೇಳಿದರೆ ಒಳಕಿವಿ ಇನ್ನೊಂದು ಹೇಳುತ್ತದೆ. ರಕ್ತ ತಲೆಗೇರಿ ಮುಖ ಊದುತ್ತದೆ, ವಾಕರಿಕೆ ಬರುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುವ ಕಾಯಿಲೆ ಇದು. ಅಕಿಯಾಮರಿಗೆ ಅದು ಚೆನ್ನಾಗಿಯೇ ಬಡಿಯಿತು, ಸಾಲದ್ದಕ್ಕೆ ಅವರು ವಿಪರೀತ ಸಿಗರೇಟಿನವರು. ಮೈ ಹದಕ್ಕೆ ಬರುವ ಹೊತ್ತಿಗೆ ಮೂಟೆ ಕಟ್ಟುವ ಹೊತ್ತು. ಎರಡು ವಾರಕ್ಕಿಂತ ಕಡಿಮೆಯ ಟಿಕೆಟ್ ವರದಿಗಾರನಿಗೆ ದಂಡ.

ಸಲಕರಣೆ ಸುಮಾರು 170 ಕಿಲೋ. ಅಷ್ಟನ್ನು ಸೋಯುಜ್ ಹೊರಲಾರದು. ಪ್ರೋಗ್ರೆಸ್ ಸರಕು ನೌಕೆಯಲ್ಲಿ ಮೊದಲೇ ಕಳಿಸಿ, ಆಗ ಮೀರ್‌ನಲ್ಲಿದ್ದ ಗಗನಯಾತ್ರಿಗಳಾದ ಮನಾಕೊವ್ ಮತ್ತು ಸ್ತ್ರೆಕಾಲೊವ್ ಕೈಲಿ ಜೋಡಿಸಿಡಲಾಗಿತ್ತು. ಈ ವ್ಯವಸ್ಥೆ ಮೆಚ್ಚಬೇಕಾದದ್ದೇ. ಆದರೆ ಎರಡೂ ದೇಶಗಳ ಟಿವಿ ಚಿತ್ರದ ಪದ್ಧತಿಯೇ ಬೇರೆ: ಆಗ ಜಪಾನಿನದು 525 ಗೆರೆಯ ಎನ್‌ಟಿಎಸ್‌ಸಿ, ಸೋವಿಯತ್‌ನದು 625 ಗೆರೆಯ ಸೆಕಾಮ್. ವಿದ್ಯುತ್ತಿನ ವೋಲ್ಟೇಜೂ ಬೇರೆ. ಹೀಗಾಗಿ ದಾರಿಯುದ್ದಕ್ಕೂ ಪರಿವರ್ತಕಗಳು. ಜೊತೆಗೆ, ನೆಲದ ಮೇಲಿನ ಒಂದು ಸಂಪರ್ಕ ಕೇಂದ್ರಕ್ಕೆ ನಿಲ್ದಾಣ ಕಾಣಿಸುವುದು ಹೆಚ್ಚೆಂದರೆ ಹತ್ತು ನಿಮಿಷ. ದಿನದ ಟಿವಿ ಪ್ರಸಾರವೂ ಸುಮಾರು ಅಷ್ಟೇ. "ಇದು ಪ್ರಸಾರ ಆಗ್ತಿದೆಯಾ?" ಅನ್ನುವ ಅರ್ಥದ ಮಾತೇ ಅವರ ಮೊದಲ ಮಾತಾಗಿ ಜಪಾನಿನ ಮನೆಗಳಿಗೆ ತಲುಪಿದ್ದು ನೋಡಿ ನಗು ಬರಬಹುದು, ಆದರೆ ಹತ್ತು ನಿಮಿಷದ ಕಿಂಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು.

ತರಬೇತಿಗೆ ಸುಮಾರು ಒಂದು ವರ್ಷ ಹಿಡಿಯಿತು, ರಷ್ಯನ್ ಭಾಷೆಯೂ ಸೇರಿ. ಬದಲಿ ಆಳಿನ ಖರ್ಚು ಉಳಿಸಬಾರದು, ಆದರೆ ಬದಲಿಯೂ ಕೈಕೊಡಬಹುದು: ಅಕಿಯಾಮರ ಬದಲಿಯಾಗಿದ್ದ ಛಾಯಾಗ್ರಾಹಕಿ ರ್ಯೋಕೊ ಕಿಕುಚಿ ಉಡಾವಣೆ ಹತ್ತಿರವಾದಾಗಲೇ ಅಪೆಂಡಿಕ್ಸ್‌ನಿಂದ ಆಸ್ಪತ್ರೆ ಸೇರಿದರು.

ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸಿದ್ದು ಜೊತೆಗೆ ಕೊಂಡೊಯ್ದ ಜಪಾನಿ ಮರಗಪ್ಪೆಗಳು. ತೇಲುವಾಗ ಹೊಟ್ಟೆ ಉಬ್ಬಿಸಿ ನಾಲ್ಕೂ ಕಾಲು ಚಾಚುತ್ತಿದ್ದವು, ಏನಾದರೂ ಹಿಡಿದು ಕೂತರೆ ಕತ್ತನ್ನು ಹಿಂದಕ್ಕೆ ಬಗ್ಗಿಸುತ್ತಿದ್ದವು. ನಿರೂಪಕನಿಗೆ ವಾಕರಿಕೆಯಿದ್ದರೂ ಕ್ಯಾಮೆರಾಕ್ಕೆ ದೃಶ್ಯ ಸಿಗುತ್ತಿತ್ತು.