ಡಿಸಿ ಸತ್ತರೂ ಆಫೀಸ್ ನಡೆಯಬೇಕು: ಬ್ಯಾಕಪ್, ರೆಪ್ಲಿಕಾ, ಕ್ಲೌಡ್ ಮತ್ತು ಎರಡನೇ ಡಿಸಿ

ಮೊದಲೇ ಹೇಳಿಬಿಡುತ್ತೇನೆ. ಡಿಸಿ ಅಂದರೆ ಡೊಮೇನ್ ಕಂಟ್ರೋಲರ್, ಆಫೀಸಿನ ಕಂಪ್ಯೂಟರುಗಳ ಗುಂಪಿಗೆ (ಡೊಮೇನ್) ಲಾಗಿನ್ ನೋಡಿಕೊಳ್ಳುವ ಸರ್ವರ್. ಅದು ಕೆಟ್ಟರೆ ಕೆಲಸ ನಿಲ್ಲಬಾರದು ಅಂತಾದರೆ, ಚಿಕ್ಕ ಆಫೀಸಿಗೆ ಎರಡನೇ ಡಿಸಿಯೇ ಸರಿ. ಅದೂ ಬೇರೆ ಮೆಷಿನ್‌ನಲ್ಲಿ, ಬೇರೆ ಯುಪಿಎಸ್ ಮೇಲೆ. ಉಳಿದ ಮೂರು ದಾರಿಗಳನ್ನೂ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ಅಂಧೇರಿ ಪೂರ್ವದಲ್ಲಿರುವ ಕ್ಲಿಯರಿಂಗ್-ಫಾರ್ವರ್ಡಿಂಗ್ ಆಫೀಸು. ದಣಿಗಳು ಉಡುಪಿ ಕಡೆಯವರು. ಅಕೌಂಟ್ಸ್ ವಿಭಾಗದಲ್ಲೂ ಊರಿನವರೇ ಜಾಸ್ತಿ. ಲಾಗಿನ್, ಡಿಎನ್‌ಎಸ್ (ಹೆಸರು ಕೊಟ್ಟರೆ ಅದರ ನೆಟ್‌ವರ್ಕ್ ವಿಳಾಸ ಹೇಳುವ ಸೇವೆ), ಶೇರ್ ಫೋಲ್ಡರ್, ಟ್ಯಾಲಿ ಡೇಟಾ ಎಲ್ಲವೂ ಒಂದೇ ವಿಂಡೋಸ್ ಸರ್ವರ್ ಮೇಲಿತ್ತು, ಅದೇ ನಮ್ಮ ಡಿಸಿ. ಜಿಎಸ್‌ಟಿ ರಿಟರ್ನ್ ತುಂಬುವ ವಾರದಲ್ಲೇ ಅದರ ಮದರ್‌ಬೋರ್ಡ್ ಹೋಯಿತು.

ಡಿಸಿ ಹೋದ ಕೂಡಲೇ ಎಲ್ಲರೂ ಹೊರಗೆ ಬೀಳುವುದಿಲ್ಲ. ಹಿಂದೆ ಲಾಗಿನ್ ಆದವರನ್ನು ವಿಂಡೋಸ್ ನೆನಪಿಟ್ಟುಕೊಂಡಿರುತ್ತದೆ. ನಾವು ಬದಲಿಸದಿದ್ದರೆ ಒಂದು ಕಂಪ್ಯೂಟರಿಗೆ 10 ಜನರವರೆಗೆ. ಹಾಗಾಗಿ ಡೆಸ್ಕ್‌ಟಾಪ್ ಬರುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಆಮೇಲೆ "ನೆಟ್ ಇಲ್ಲ ಮಾರಾಯ್ರೆ", "ಟ್ಯಾಲಿ ಓಪನ್ ಆಗ್ತಾ ಇಲ್ಲ ಮಾರಾಯ್ರೆ" ಅಂತ ಒಂದೊಂದೇ ಟೇಬಲ್‌ನಿಂದ ಕೂಗು ಶುರು. ನೆಟ್ ಲೈನ್ ಸರಿಯಾಗೇ ಇರುತ್ತದೆ, ಡಿಎನ್‌ಎಸ್ ಇರುವುದಿಲ್ಲ ಅಷ್ಟೇ.

ಆಗ ನಮ್ಮ ಕೈಯಲ್ಲಿದ್ದದ್ದು ಬ್ಯಾಕಪ್ ಒಂದೇ. ಬ್ಯಾಕಪ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಿಂದ ಆಫೀಸ್ ನಡೆಯುವುದಿಲ್ಲ. ಮೊದಲು ಮೆಷಿನ್ ಬೇಕು. ಹಾರ್ಡ್‌ವೇರ್ ಬೇರೆಯಾದರೆ ಡ್ರೈವರ್ ಜಗಳ. ಡಿಸಿಯನ್ನು ರಿಪೇರಿ ಮೋಡ್‌ನಲ್ಲಿ ತೆರೆಯಲು ಡಿಎಸ್‌ಆರ್‌ಎಂ ಪಾಸ್‌ವರ್ಡ್ ಅಂತ ಒಂದಿದೆ, ಸರ್ವರ್ ಮೊದಲು ಹಾಕಿದವರು ಅದನ್ನು ಬರೆದಿಟ್ಟಿರಬೇಕು. ಬ್ಯಾಕಪ್ ತುಂಬ ಹಳೆಯದಾದರೆ, ಸಾಮಾನ್ಯವಾಗಿ 180 ದಿನ ದಾಟಿದರೆ, ಆಕ್ಟಿವ್ ಡೈರೆಕ್ಟರಿಗೆ (ಡಿಸಿ ಇಟ್ಟುಕೊಳ್ಳುವ ಯೂಸರ್, ಕಂಪ್ಯೂಟರುಗಳ ಪಟ್ಟಿ) ಅದು ಉಪಯೋಗಕ್ಕೇ ಬರುವುದಿಲ್ಲ. ಇಷ್ಟೆಲ್ಲ ಸರಿ ಮಾಡುವ ಹೊತ್ತಿಗೆ ಇಡೀ ಆಫೀಸು ಚಹಾ ಕುಡಿಯುತ್ತಾ ಕೂತಿರುತ್ತದೆ.

ವಿಂಡೋಸ್ ಸರ್ವರ್‌ನಲ್ಲೇ ಬರುವ ಹೈಪರ್-ವಿ ರೆಪ್ಲಿಕಾವನ್ನು ಮನಸ್ಸಿಟ್ಟು ನಡೆಸಿ ನೋಡಿದೆ. ಡಿಸಿಯನ್ನು ವರ್ಚುವಲ್ ಮೆಷಿನ್ (ಮೆಷಿನ್ ಒಳಗೆ ಓಡುವ ಸಾಫ್ಟ್‌ವೇರ್ ಮೆಷಿನ್) ಮಾಡಿ, ಅದರ ಪ್ರತಿಯನ್ನು ಇನ್ನೊಂದು ಹೋಸ್ಟ್‌ಗೆ (ಅದನ್ನು ಹೊರುವ ಮೆಷಿನ್‌ಗೆ) 30 ಸೆಕೆಂಡಿಗೊಮ್ಮೆ ಕಳಿಸಬಹುದು. ನೋಡೋಕೆ ಬಹಳ ಚೆನ್ನಾಗಿದೆ. ಆದರೆ ಆ ಪ್ರತಿ ಆಫ್ ಆಗಿ ಮಲಗಿರುತ್ತದೆ. ಮೊದಲ ಹೋಸ್ಟ್ ಸತ್ತರೆ ಯಾರಾದರೂ ಬಂದು ಫೇಲ್‌ಓವರ್ ಬಟನ್, ಅಂದರೆ ಪ್ರತಿಗೆ ಕೆಲಸ ಒಪ್ಪಿಸುವ ಬಟನ್, ಒತ್ತಬೇಕು. ನಾನಿರುವುದು ಡೊಂಬಿವಲಿಯಲ್ಲಿ. ಬೆಳಗ್ಗೆ ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೋ ಹತ್ತಿ ಅಂಧೇರಿ ಮುಟ್ಟುವಷ್ಟರಲ್ಲಿ ಆಫೀಸಿನಿಂದ ಫೋನ್ ಮೇಲೆ ಫೋನ್ ಬಂದಿರುತ್ತದೆ. ಹೋಸ್ಟ್‌ಗಳೂ ಅದೇ ಡೊಮೇನ್‌ಗೆ ಸೇರಿದ್ದರೆ ಇನ್ನೂ ಕಷ್ಟ, ಡಿಸಿ ಎಬ್ಬಿಸಲು ಬೇಕಾದ ಲಾಗಿನ್‌ಗೇ ಡಿಸಿ ಬೇಕು! ನನ್ನಂಥವನಿಗೆ ಬಟನ್ ಒತ್ತುವ ವ್ಯವಸ್ಥೆ ಆಗಿಬರುವುದಿಲ್ಲ.

ಕ್ಲೌಡ್‌ನಲ್ಲಿ ಡಿಸಿ ಇಡುವುದು ಕೆಟ್ಟ ಯೋಚನೆಯಲ್ಲ. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಸೆಂಟ್ರಲ್ ಇಂಡಿಯಾ ಡೇಟಾ ಸೆಂಟರ್ ಇಲ್ಲೇ ಪುಣೆಯಲ್ಲಿದೆ, ದೂರದ ತೊಂದರೆಯಿಲ್ಲ. ನಾಲ್ಕಾರು ಊರಲ್ಲಿ ಬ್ರಾಂಚ್ ಇದ್ದವರು ಕಣ್ಣುಮುಚ್ಚಿ ಮಾಡಬಹುದು. ನಮಗೆ ತಿಂಗಳು ತಿಂಗಳು ಬಿಲ್, ವಿಪಿಎನ್ ಬೇರೆ. ಮಳೆಗಾಲದಲ್ಲಿ ಫೈಬರ್ ಕಟ್ ಆದರೆ ಆ ಡಿಸಿ ಇದ್ದೂ ಇಲ್ಲದ ಹಾಗೆ.

ಇನ್ನು ಎರಡನೇ ಡಿಸಿ. ಲ್ಯಾಮಿಂಗ್ಟನ್ ರೋಡಿನಿಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದನ್ನು ತಂದು, ಹೊಸ ಎಸ್‌ಎಸ್‌ಡಿ ಹಾಕಿದೆ. 8 ಜಿಬಿ ರ‍್ಯಾಮ್ ಧಾರಾಳ ಸಾಕು. ದುಡ್ಡು ಹೋಗುವುದು ಮೆಷಿನ್‌ಗಲ್ಲ, ಲೈಸೆನ್ಸ್‌ಗೆ. ನಾಲ್ಕು ಕೋರ್‌ನ ಮೆಷಿನ್ ಆದರೂ ವಿಂಡೋಸ್ ಸರ್ವರ್‌ಗೆ ಕನಿಷ್ಠ 16 ಕೋರ್‌ನ ಲೆಕ್ಕ ಕಟ್ಟಬೇಕು. ಆದರೆ ಸರ್ವರ್ ಆವೃತ್ತಿ ಅದೇ ಇದ್ದರೆ ಯೂಸರ್ ಸಿಎಎಲ್‌ಗಳನ್ನು (ಸರ್ವರ್ ಬಳಸುವ ಒಬ್ಬೊಬ್ಬರ ಲೈಸೆನ್ಸ್) ಮತ್ತೆ ಕೊಳ್ಳಬೇಕಾಗಿಲ್ಲ, ಅವು ಜನರ ಲೆಕ್ಕ, ಸರ್ವರ್ ಲೆಕ್ಕವಲ್ಲ. ಮಾರುವವರು ಎರಡನ್ನೂ ಸೇರಿಸಿ ಕೊಟೇಶನ್ ಕೊಟ್ಟರೆ ಕೇಳಿ ತೆಗೆಸಿ.

ಇಲ್ಲಿ ಬಟನ್ ಒತ್ತುವ ಮಾತೇ ಇಲ್ಲ. ವಿಂಡೋಸ್ 2000 ಬಂದಾಗಿನಿಂದ ಎಲ್ಲ ಡಿಸಿಗಳೂ ಬಹುತೇಕ ಸಮಾನ, ಯಾವುದರಲ್ಲಿ ಪಾಸ್‌ವರ್ಡ್ ಬದಲಿಸಿದರೂ ಇನ್ನೊಂದಕ್ಕೆ ಹೋಗುತ್ತದೆ. ಒಂದು ಸತ್ತರೆ ಕಂಪ್ಯೂಟರುಗಳು ತಾವೇ ಇನ್ನೊಂದನ್ನು ಹುಡುಕಿಕೊಳ್ಳುತ್ತವೆ.

ಹುಡುಕಿಕೊಳ್ಳಬೇಕು, ಸರಿ. ಆದರೆ ಹೇಗೆ? ಡಿಎನ್‌ಎಸ್ ಮೂಲಕ. ನನ್ನ ತಲೆ ತಿಂದದ್ದೂ ಇದೇ.

ಹಳೆಯ ವೆಂಡರ್ ಡಿಎಚ್‌ಸಿಪಿಯನ್ನು (ಕಂಪ್ಯೂಟರುಗಳಿಗೆ ನೆಟ್‌ವರ್ಕ್ ವಿಳಾಸ ಹಂಚಿ, ಡಿಎನ್‌ಎಸ್ ಯಾವುದು ಅಂತ ಹೇಳುವ ಸೇವೆ) ರೌಟರ್‌ನಲ್ಲಿ ಇಟ್ಟಿದ್ದರು. ಮೊದಲ ಡಿಎನ್‌ಎಸ್ ನಮ್ಮ ಡಿಸಿ, ಎರಡನೆಯದು ಗೂಗಲ್‌ನ 8.8.8.8. "ಸರ್ವರ್ ಹೋದರೂ ನೆಟ್ ಇರಲಿ" ಅಂತ ಹಾಗೆ ಮಾಡುವವರು ಬಹಳ ಜನ. ಆದರೆ ಆಫೀಸಿನ ಒಳಗಿನ ಡೊಮೇನ್ ಹೆಸರು ಗೂಗಲ್‌ಗೆ ಎಲ್ಲಿಂದ ಗೊತ್ತಿರಬೇಕು? "ಅಂಥ ಹೆಸರೇ ಇಲ್ಲ" ಅನ್ನುತ್ತದೆ. ವಿಂಡೋಸ್ ಅದನ್ನೇ ಉತ್ತರ ಅಂತ ನಂಬಿ ಅಲ್ಲಿಗೇ ನಿಲ್ಲಿಸುತ್ತದೆ. ಉತ್ತರವೇ ಬರದಿದ್ದರೆ ಮಾತ್ರ ಅದು ಮುಂದಿನ ಡಿಎನ್‌ಎಸ್ ಅನ್ನು ಕೇಳುವುದು. "ಇಲ್ಲ" ಅನ್ನುವುದೂ ಒಂದು ಉತ್ತರವೇ ತಾನೆ?

ಇನ್ನೂ ಕೆಟ್ಟದ್ದೇನೆಂದರೆ, ಡಿಸಿ ಚೆನ್ನಾಗಿದ್ದಾಗಲೂ ಇದು ಕಾಡುತ್ತದೆ. ಡಿಸಿ ಒಂದು ಕ್ಷಣ ತಡ ಮಾಡಿತು ಅನ್ನಿ, ಆ ಕಂಪ್ಯೂಟರ್ ಗೂಗಲ್ ಕಡೆ ವಾಲುತ್ತದೆ. ಆಮೇಲೆ ಶೇರ್ ಫೋಲ್ಡರ್ ಒಮ್ಮೆ ತೆರೆಯುತ್ತದೆ, ಒಮ್ಮೆ ತೆರೆಯುವುದಿಲ್ಲ. ಎಷ್ಟೋ ಕಾಲದಿಂದ ನಾವು ಸ್ವಿಚ್ಚು, ಕೇಬಲ್ಲು ಅಂತ ಬೈಯುತ್ತಿದ್ದದ್ದು ಇದನ್ನೇ.

ಪರಿಹಾರ ಸರಳ, ಕೆಲಸ ಮಾತ್ರ ಬೇಸರದ್ದು. ಡಿಎಚ್‌ಸಿಪಿಯನ್ನು ರೌಟರ್‌ನಿಂದ ತೆಗೆದು ಎರಡೂ ಸರ್ವರ್‌ಗಳ ಮೇಲೆ ಹಾಕಿದೆ. ಸರ್ವರ್ 2012ರಿಂದ ಡಿಎಚ್‌ಸಿಪಿಗೇ ಫೇಲ್‌ಓವರ್ ಇದೆ. ಕಂಪ್ಯೂಟರುಗಳಿಗೆ ಹೋಗುವ ಡಿಎನ್‌ಎಸ್ ವಿಳಾಸಗಳು ಎರಡೇ, ಎರಡೂ ನಮ್ಮ ಡಿಸಿಗಳದ್ದು. ಗೂಗಲ್ ಬೇಕೆಂದರೆ ಡಿಸಿಯ ಡಿಎನ್‌ಎಸ್ ಒಳಗೆ ಫಾರ್ವರ್ಡರ್ ಆಗಿ, ಅಂದರೆ ಹೊರಗಿನ ಹೆಸರುಗಳನ್ನು ಡಿಸಿಯೇ ಕೇಳಿ ತಿಳಿಯುವ ಕಡೆಯಾಗಿ, ಇರಲಿ. ಆಮೇಲೆ ಕೈಯಿಂದ ವಿಳಾಸ ತುಂಬಿದ ಸಾಮಾನುಗಳು: ಸ್ಕ್ಯಾನರ್-ಪ್ರಿಂಟರ್, ನ್ಯಾಸ್ (ನೆಟ್‌ವರ್ಕ್ ಮೇಲೆ ಫೈಲ್ ಇಡುವ ಪೆಟ್ಟಿಗೆ), ಹಾಜರಿಯ ಬಯೋಮೆಟ್ರಿಕ್ ಮೆಷಿನ್. ಒಂದೊಂದರ ಮುಂದೂ ನಿಂತು ಎರಡನೇ ವಿಳಾಸ ಸೇರಿಸಬೇಕು. ನ್ಯಾಸ್‌ನಲ್ಲಿ ಡಿಸಿಯ ಐಪಿಯನ್ನೇ ನೇರವಾಗಿ ಬರೆದಿದ್ದರು, ಅಲ್ಲಿ ಡೊಮೇನ್ ಹೆಸರು ಹಾಕಿದೆ. ಇದನ್ನು ಮಾಡದೆ ಎರಡನೇ ಡಿಸಿ ಕೊಂಡರೆ ಸುಮ್ನೆ ದುಡ್ಡು ದಂಡ.

ಕರೆಂಟಿನ ವಿಷಯ ಒಂದು. 2020ರ ಅಕ್ಟೋಬರ್ 12ರಂದು ಗ್ರಿಡ್ ಬಿದ್ದು ಮುಂಬಯಿಯೇ ಕತ್ತಲಾಯಿತಲ್ಲ, ಅಂಥ ದಿನ ಎರಡು ಡಿಸಿಗಳೂ ಆಫ್ ಆಗಬಹುದು. ಕರೆಂಟ್ ಬಂದ ಮೇಲೆ ಒಂದೇ ಎದ್ದರೆ ಅದರ ಡಿಎನ್‌ಎಸ್ ತಕ್ಷಣ ಕೆಲಸ ಶುರು ಮಾಡುವುದಿಲ್ಲ, ಜೊತೆಗಾರನ ಜೊತೆ ಮೊದಲ ಸಿಂಕ್ ಆಗಲಿ ಅಂತ ಕಾಯುತ್ತದೆ. ಲಾಗ್‌ನಲ್ಲಿ ಈ ಕಾಯುವಿಕೆಯನ್ನು ತೋರಿಸುವ ಈವೆಂಟ್ 4013 ಕಂಡರೆ ಗಾಬರಿಯಾಗಿ ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಬೇಡಿ. ಬೇರೆ ಬೇರೆ ಯುಪಿಎಸ್ ಅಂದದ್ದು ಇದಕ್ಕೇ.

ಒಂದೇ ಡಿಸಿ ಹೊರುವ ಕೆಲವು ವಿಶೇಷ ಕೆಲಸಗಳಿವೆ, ಎಫ್‌ಎಸ್‌ಎಂಒ ಪಾತ್ರಗಳು ಅಂತ. ಅವುಗಳ ಬಗ್ಗೆ ಅವಸರ ಬೇಡ. ಮೊದಲ ಡಿಸಿ ರಿಪೇರಿಯಾಗಿ ಬರುವುದಾದರೆ ಎರಡು ದಿನ ಸುಮ್ಮನಿರಿ, ಲಾಗಿನ್ ನಡೆಯುತ್ತದೆ. ಬರುವುದೇ ಇಲ್ಲ ಅಂತಾದರೆ ಮಾತ್ರ ಆ ಪಾತ್ರಗಳನ್ನು ಎರಡನೇ ಡಿಸಿಗೆ ಕಿತ್ತುಕೊಳ್ಳಿ. ಆಮೇಲೆ ಹಳೆಯದನ್ನು ಮತ್ತೆ ನೆಟ್‌ವರ್ಕ್‌ಗೆ ಸೇರಿಸಲೇಬೇಡಿ.

ಎರಡನೇ ಡಿಸಿ ಮಾಡದ ಕೆಲಸಗಳೂ ಇವೆ. ಯಾರೋ ಒಂದು ಓಯು (ಯೂಸರ್, ಕಂಪ್ಯೂಟರುಗಳನ್ನು ಗುಂಪಾಗಿಟ್ಟ ವಿಭಾಗ) ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ, ಅದಕ್ಕೇ ಬ್ಯಾಕಪ್ ಬೇಕು ಅಂದದ್ದು. ಶೇರ್ ಫೋಲ್ಡರಿನ ಫೈಲುಗಳೂ ತಾವಾಗಿ ಈ ಕಡೆ ಬರುವುದಿಲ್ಲ. ಟ್ಯಾಲಿ ಡೇಟಾ ಮೊದಲ ಸರ್ವರ್ ಮೇಲೇ ಇದ್ದರೆ ಲಾಗಿನ್ ಆಗುತ್ತದೆ, ಟ್ಯಾಲಿ ತೆರೆಯುವುದಿಲ್ಲ. ನಾನು ಟ್ಯಾಲಿಯನ್ನು ನ್ಯಾಸ್‌ಗೆ ಸಾಗಿಸಿದೆ. ಡಿಸಿ ಡಿಸಿಯಾಗಿಯೇ ಇರಲಿ, ಅದರ ತಲೆ ಮೇಲೆ ಬೇರೆ ಹೊರೆ ಬೇಡ.

ಈಗ ಆಗಾಗ ಒಂದು ಶನಿವಾರ ಮಧ್ಯಾಹ್ನ, ದಣಿಗಳಿಗೆ ಹೇಳಿಯೇ, ಮೊದಲ ಡಿಸಿಯ ಕೇಬಲ್ ಕೀಳುತ್ತೇನೆ. ಹೊಸದಾಗಿ ಲಾಗಿನ್, ಟ್ಯಾಲಿ, ಒಂದು ಪ್ರಿಂಟ್, ಒಂದು ಸ್ಕ್ಯಾನ್ ನೋಡುತ್ತೇನೆ. ಯಾವುದು ನಿಲ್ಲುತ್ತದೋ ಅದರ ಡಿಎನ್‌ಎಸ್ ವಿಳಾಸವನ್ನೇ ಮೊದಲು ತೆರೆದು ನೋಡುತ್ತೇನೆ. ಕೇಬಲ್ ವಾಪಸ್ ಹಾಕಿದ ಮೇಲೆ ರೆಪ್‌ಅಡ್ಮಿನ್ ಅನ್ನುವ ಕಮಾಂಡ್ ಓಡಿಸಿ, ಎರಡೂ ಡಿಸಿ ಮತ್ತೆ ಸಿಂಕ್ ಆಗಿವೆ ಅಂತ ಖಾತ್ರಿ ಮಾಡಿಕೊಂಡೇ ಮನೆಗೆ ಹೊರಡುವುದು.