ಮೂರು ವರ್ಷ, ಎರಡು ಮನೆ: ರೈಜನ್ 5 5600 ಮತ್ತು ಕೋರ್ ಐ5-12400 ಬಳಸಿದ ಅನುಭವ

ನಮ್ಮ ಮನೆಯಲ್ಲಿ ಕಂಪ್ಯೂಟರ್ ಜೋಡಿಸುವ ಹುಚ್ಚು ನನ್ನದು, ಅದರಿಂದ ನಾಲ್ಕು ಕಾಸು ದುಡಿಯುವ ಜಾಣತನ ತಮ್ಮನದು. ನಾನು ಬೆಂಗಳೂರಿನಲ್ಲಿ ಹಗಲು ಆಂಡ್ರಾಯ್ಡ್ ಆ್ಯಪ್ ಬರೆಯುತ್ತೇನೆ, ಮಗಳು ಮಲಗಿದ ಮೇಲೆ ಗೇಮ್ ಆಡುತ್ತೇನೆ. ಅವನು ಬಳ್ಳಾರಿಯಲ್ಲಿ ಮದುವೆ ವಿಡಿಯೊ ತೆಗೆದು ಎಡಿಟ್ ಮಾಡುತ್ತಾನೆ. 2022ರ ದೀಪಾವಳಿ ಕಳೆದ ವಾರ ಇಬ್ಬರೂ ಎಸ್‌.ಪಿ. ರಸ್ತೆಗೆ ಹೋಗಿ ಕಂಪ್ಯೂಟರಿನ ಮೆದುಳಾದ ಪ್ರೊಸೆಸರ್ ತಂದೆವು. ನನಗೆ ಎಎಂಡಿ ರೈಜನ್ 5 5600, ಅವನಿಗೆ ಇಂಟೆಲ್ ಕೋರ್ ಐ5-12400ಎಫ್. ಎರಡಕ್ಕೂ ಹದಿನೈದು ಸಾವಿರದ ಆಚೀಚೆ. ಗ್ರಾಫಿಕ್ಸ್ ಕಾರ್ಡ್ ಇಬ್ಬರದೂ ಒಂದೇ, 12 ಜಿಬಿಯ ಆರ್‌ಟಿಎಕ್ಸ್ 3060. ಹಬ್ಬ ಹರಿದಿನಕ್ಕೆ ಊರಿಗೆ ಹೋದಾಗಲೆಲ್ಲ ಅವನ ಯಂತ್ರದ ಮುಂದೆ ಕೂತು ಆಡಿದ್ದೇನೆ, ಅವನ ರೆಂಡರ್‌ಗಳನ್ನು ಕಾದಿದ್ದೇನೆ, ಅವನ ಬೈಗುಳವನ್ನೂ ತಿಂದಿದ್ದೇನೆ. ಬೈಗುಳದ ವಿಷಯ ಆಮೇಲೆ.

ಕಾಗದದ ಮೇಲೆ ಇವೆರಡು ಅವಳಿ ಮಕ್ಕಳ ಹಾಗೆ. 12400 ಬಂದದ್ದು 2022ರ ಜನವರಿಯಲ್ಲಿ, 5600 ಅದೇ ಏಪ್ರಿಲ್‌ನಲ್ಲಿ. ಎರಡರಲ್ಲೂ 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಎಳೆ). ಎರಡೂ ಏರುವುದು 4.4 ಗಿಗಾಹರ್ಟ್ಸ್‌ವರೆಗೆ, ಡಬ್ಬದ ಮೇಲೆ ಎರಡಕ್ಕೂ 65 ವ್ಯಾಟ್. 12ನೇ ತಲೆಮಾರಿನ ಇಂಟೆಲ್ ಎಂದರೆ ದೊಡ್ಡ ಕೋರ್ ಸಣ್ಣ ಕೋರ್‌ಗಳ ಬೆರಕೆ ಎಂದು ಅನೇಕರು ಅಂದುಕೊಳ್ಳುತ್ತಾರೆ. 12400ರಲ್ಲಿ ಸಣ್ಣವು ಇಲ್ಲವೇ ಇಲ್ಲ, ಆರಕ್ಕೆ ಆರೂ ದೊಡ್ಡವು. ಪ್ರೊಸೆಸರ್ ವೇಗ ಅಳೆಯುವ ಸಿನೆಬೆಂಚ್ ಆರ್23 ಓಡಿಸಿದರೆ ಒಂಟಿ ಕೋರ್‌ನಲ್ಲಿ 12400 ಸುಮಾರು 1,700 ಅಂಕ ತೆಗೆಯುತ್ತದೆ, 5600 ಸುಮಾರು 1,500. ಈ ಇನ್ನೂರು ಅಂಕಕ್ಕಾಗಿ ಜನ ರಾತ್ರಿಯಿಡೀ ಜಗಳಾಡಿದ್ದನ್ನು ನೋಡಿದ್ದೇನೆ. ಮೂರು ವರ್ಷದಲ್ಲಿ ಅದು ನನ್ನ ಕೈಗೆ ಒಮ್ಮೆಯೂ ತಗುಲಿಲ್ಲ. ಕ್ರೋಮ್ ಅಲ್ಲಿಯೂ ಅಷ್ಟೇ ಬೇಗ ತೆರೆಯುತ್ತದೆ, ಇಲ್ಲಿಯೂ ಅಷ್ಟೇ ಬೇಗ ರ‍್ಯಾಮ್ ತಿನ್ನುತ್ತದೆ.

ನನ್ನ ಆ್ಯಪ್ ಕೋಡನ್ನು ಕಟ್ಟುವ ಗ್ರೇಡಲ್ ಬಿಲ್ಡ್‌ಗಳದೂ ಅದೇ ಕಥೆ. 16 ಜಿಬಿ ರ‍್ಯಾಮ್ ಅನ್ನು 32ಕ್ಕೆ ಏರಿಸಿದ ದಿನ ಕಂಡ ಬದಲಾವಣೆ ಯಾವ ಪ್ರೊಸೆಸರ್ ಚರ್ಚೆಯಲ್ಲೂ ಕಂಡಿಲ್ಲ. ರೈಜನ್ ಕೊಂಡು ಆಂಡ್ರಾಯ್ಡ್ ಎಮ್ಯುಲೇಟರ್ ಏಳುತ್ತಿಲ್ಲ ಎಂದು ತಲೆ ಕೆಡಿಸಿಕೊಂಡವರಿಗೆ ಒಂದು ಮಾತು: ಯಂತ್ರ ಏಳುವಾಗಿನ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ಎಸ್‌ವಿಎಂ ಎಂಬ ಆಯ್ಕೆಯನ್ನು ಹಚ್ಚಿ. ಎಷ್ಟೋ ಮದರ್‌ಬೋರ್ಡುಗಳಲ್ಲಿ ಅದು ಆಫ್ ಆಗಿಯೇ ಬಂದಿರುತ್ತದೆ.

ಆಟದ ವಿಷಯಕ್ಕೆ ಬಂದರೆ, 3060ರಂಥ ಕಾರ್ಡ್ ಇಟ್ಟುಕೊಂಡು 1080ಪಿಯಲ್ಲಿ ಸೈಬರ್‌ಪಂಕ್ 2077 ಆಡುವಾಗ ಏದುಸಿರು ಬಿಡುವುದು ಕಾರ್ಡು. ಪ್ರೊಸೆಸರ್ ಕೈಕಟ್ಟಿ ಕೂತಿರುತ್ತದೆ. ಎರಡು ಯಂತ್ರಗಳ ನಡುವೆ ನನಗೆ ಫರಕು ಸಿಗಲಿಲ್ಲ. ವ್ಯಾಲೊರಂಟ್‌ನಂಥ ಹಗುರ ಆಟಗಳಲ್ಲಿ ಪ್ರೊಸೆಸರ್ ಮೇಲೆ ಭಾರ ಬೀಳುತ್ತದೆ ನಿಜ, ಆದರೆ ಎರಡೂ ನನ್ನ 144 ಹರ್ಟ್ಸ್ (ಸೆಕೆಂಡಿಗೆ 144 ಚಿತ್ರ) ಮಾನಿಟರ್ ತೋರಿಸಬಲ್ಲದ್ದಕ್ಕಿಂತ ಎಷ್ಟೋ ಹೆಚ್ಚು ಫ್ರೇಮ್ ಕೊಡುತ್ತವೆ. ತಮ್ಮನದು 60 ಹರ್ಟ್ಸ್ ಮಾನಿಟರ್. ಅದರ ಮುಂದೆ ಕೂತು ಫ್ರೇಮ್ ಲೆಕ್ಕ ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿದಂತೆ.

ಇಬ್ಬರನ್ನೂ ಮಂಡಿಯೂರಿಸಿದ್ದು ಬಾಲ್ಡರ್ಸ್ ಗೇಟ್ 3. ಮೂರನೇ ಅಂಕದಲ್ಲಿ ಊರೊಳಗೆ ಕಾಲಿಟ್ಟರೆ ಸಾಕು, ಬೀದಿ ತುಂಬ ಜನ, ಪ್ರತಿಯೊಬ್ಬರಿಗೂ ಒಂದೊಂದು ಕೆಲಸ. ಕಾರ್ಡು ಸುಮ್ಮನಿದ್ದರೂ ಆಟ ತಡವರಿಸುತ್ತಿತ್ತು. ಇಲ್ಲಿ ಲೆಕ್ಕಕ್ಕೆ ಬರುವುದು ಕ್ಯಾಶ್, ಅಂದರೆ ಪ್ರೊಸೆಸರ್ ಒಳಗೇ ಇರುವ ಪುಟ್ಟ, ವೇಗದ ಮೆಮೊರಿ. ಒಗ್ಗರಣೆ ಡಬ್ಬಿ ಒಲೆಯ ಪಕ್ಕದಲ್ಲೇ ಇದ್ದರೆ ಕೈಚಾಚಿ ಸಾಸಿವೆ ತೆಗೆಯಬಹುದು; ಇಲ್ಲದಿದ್ದರೆ ಎಣ್ಣೆ ಕಾಯಿಸಿಟ್ಟು ಅಂಗಡಿಗೆ ಓಡಬೇಕು. ಆ ಅಂಗಡಿಯೇ ರ‍್ಯಾಮ್. 5600ರ ಎಲ್3 ಕ್ಯಾಶ್ 32 ಎಂಬಿ, 12400ರದು 18 ಎಂಬಿ. ಹಾಗಿದ್ದರೂ ಇಂಟೆಲ್‌ನ ಕೋರ್‌ಗಳು ಚುರುಕಾದ್ದರಿಂದ ಲೆಕ್ಕ ಸರಿಹೋಗಿ ಇಬ್ಬರೂ ಒಂದೇ ಕಡೆ ಎಡವಿದರು.

ತಮ್ಮನ ಯಂತ್ರ ಸ್ವಲ್ಪ ಹೆಚ್ಚೇ ಎಡವುತ್ತಿತ್ತು ಎಂದು ಕಂಡುಹಿಡಿಯಲು ನನಗೆ ಆರೇಳು ತಿಂಗಳು ಬೇಕಾಯಿತು. ತಪ್ಪು ನನ್ನದೇ. ಜೋಡಿಸಿದ ದಿನ ಬಯೋಸ್‌ನಲ್ಲಿ ರ‍್ಯಾಮ್ ಅನ್ನು ಪೂರ್ತಿ ವೇಗಕ್ಕೆ ತರುವ ಎಕ್ಸ್‌ಎಂಪಿ ಹಚ್ಚುವುದನ್ನು ಮರೆತಿದ್ದೆ. 3200ರ ರ‍್ಯಾಮ್ 2133ರಲ್ಲಿ ತೆವಳುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟದಲ್ಲಿ ವೇಗ ನೋಡಿ. ಈಗಲೇ ನೋಡಿ, ಓದುವುದು ಆಮೇಲೂ ಆದೀತು.

ಇನ್ನು ಬೈಗುಳದ ಕಥೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಎಫ್ ಇಲ್ಲದ 12400ಕ್ಕೆ ಆಗ ಸುಮಾರು ಎರಡು ಸಾವಿರ ಹೆಚ್ಚು. "3060 ಇರುವಾಗ ಒಳಗಿನದು ಯಾಕೆ, ಆ ದುಡ್ಡಿಗೆ ಒಳ್ಳೆ ಎಸ್‌ಎಸ್‌ಡಿ ಹಾಕು" ಎಂದು ದೊಡ್ಡಣ್ಣನ ಗತ್ತಿನಲ್ಲಿ ಹೇಳಿದೆ. ಅವನು ಕೇಳಿದ. ಮರುವರ್ಷ ಹೊಸ ಕ್ಯಾಮೆರಾ ಕೊಂಡ, ಬಣ್ಣದ ವಿವರ ಹೆಚ್ಚು ಉಳಿಸುವ 10 ಬಿಟ್ 4:2:2 ಎಚ್‌ಇವಿಸಿಯಲ್ಲಿ ಶೂಟ್ ಮಾಡತೊಡಗಿದ. ಧಾರೆ ಸೀರೆಯ ಕೆಂಪು ಬಣ್ಣ ಹದವಾಗಿ ಹಿಡಿಯಬೇಕಾದರೆ ಅದೇ ಬೇಕಂತೆ. ಪ್ರೀಮಿಯರ್ ಪ್ರೊನಲ್ಲಿ ಆ ಫೈಲ್ ಹಾಕಿದರೆ ಟೈಮ್‌ಲೈನ್ ಕಲ್ಲು. ಕಾರಣ ಇಷ್ಟೇ: ಎನ್‌ವಿಡಿಯಾದ 30 ಸರಣಿಯ ಕಾರ್ಡುಗಳು 4:2:2 ಬಗೆಯ ವಿಡಿಯೊವನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸಿ ಓದುವುದಿಲ್ಲ (ಡಿಕೋಡ್ ಮಾಡುವುದಿಲ್ಲ). 40 ಸರಣಿಯೂ ಇಲ್ಲ. 2025ರಲ್ಲಿ ಬಂದ 50 ಸರಣಿಗೇ ಆ ವಿದ್ಯೆ ಸಿಕ್ಕಿದ್ದು. ಆದರೆ 12400ರ ಒಳಗೆ ಕೂತಿರುವ ಪುಟ್ಟ ಯುಎಚ್‌ಡಿ 730ಕ್ಕೆ, ಅದರ ವಿಡಿಯೊ ಭಾಗವಾದ ಕ್ವಿಕ್ ಸಿಂಕ್‌ಗೆ, ಅದು ಮೊದಲಿಂದಲೂ ಬರುತ್ತದೆ. ನಾನು ಬೇಡ ಎಂದು ಬಿಡಿಸಿದ್ದ ಅದೇ ಎರಡು ಸಾವಿರದ ಭಾಗ!

ಎರಡು ತಿಂಗಳು ಪ್ರಾಕ್ಸಿ ಫೈಲ್ (ಎಡಿಟ್‌ಗೆಂದೇ ತೆಗೆದ ಹಗುರ ಪ್ರತಿ) ಮಾಡಿಕೊಂಡು ಒದ್ದಾಡಿದ. ಕೊನೆಗೆ ಎಫ್ ಅನ್ನು ಮಾರಿ, ಎಫ್ ಇಲ್ಲದ್ದನ್ನು ಕೊಂಡು, ಒಟ್ಟು ನಾಲ್ಕು ಸಾವಿರದಷ್ಟು ಕಳೆದುಕೊಂಡ. ಬಯೋಸ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಅನ್ನು ಬಲವಂತವಾಗಿ ಎಚ್ಚರವಿರಿಸಬೇಕು, ಇಲ್ಲದಿದ್ದರೆ ಹೊರಗಿನ ಕಾರ್ಡ್ ಕಂಡ ಕೂಡಲೇ ಅದು ಮಲಗಿಬಿಡುತ್ತದೆ. ಆಮೇಲೆ ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಪುಟಕ್ಕೆ ಹೋಗಿ ಇಂಟೆಲ್ ಡಿಕೋಡಿಂಗ್‌ಗೆ ಗುರುತು ಹಾಕಿದ. ಅವತ್ತು ಸಂಜೆ ಟೈಮ್‌ಲೈನ್ ಎಳೆದಾಡಿ ತೋರಿಸಲೆಂದೇ ವಿಡಿಯೊ ಕಾಲ್ ಮಾಡಿದ್ದ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಓಡುತ್ತಿತ್ತು. ಈ ಒಂದು ಕೆಲಸದಲ್ಲಿ ನನ್ನ 5600 ಅವನ ಹತ್ತಿರಕ್ಕೂ ಸುಳಿಯುವುದಿಲ್ಲ. ಅದರಲ್ಲಿ ಗ್ರಾಫಿಕ್ಸ್ ಇಲ್ಲವೇ ಇಲ್ಲ. ನನ್ನ 3060 ವಾರಂಟಿಗೆ ಹೋಗಿದ್ದ ಹದಿನೈದು ದಿನ ಸ್ನೇಹಿತನಿಂದ ಜಿಟಿ 710 ಎಂಬ ಮುದಿ ಕಾರ್ಡ್ ಬೇಡಿ ತಂದು ಆಫೀಸ್ ಕೆಲಸ ಮಾಡಿದ್ದೇನೆ.

ಬಳ್ಳಾರಿಯ ಬಿಸಿಲಿನ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಮದುವೆಗಳೆಲ್ಲ ವೈಶಾಖದಲ್ಲಿ, ಅಂದರೆ ರೆಂಡರ್‌ಗಳೆಲ್ಲ ಹೊರಗೆ ನಲವತ್ತು ಡಿಗ್ರಿ ದಾಟಿದ ತಿಂಗಳಲ್ಲಿ. 65 ವ್ಯಾಟ್ ಎಂಬ ಡಬ್ಬದ ಮಾತು ಇಲ್ಲಿ ಅರ್ಧಸತ್ಯ: 12400 ಜೋರು ಹಿಡಿದಾಗ 117 ವ್ಯಾಟ್‌ವರೆಗೂ ಎಳೆಯಬಹುದು ಎಂದು ಇಂಟೆಲ್‌ನ ಪಟ್ಟಿಯೇ ಹೇಳುತ್ತದೆ, 5600ರ ಮಿತಿ 76 ವ್ಯಾಟ್. ಎರಡರ ಜೊತೆಗೂ ಪುಕ್ಕಟೆ ಬರುವ ಫ್ಯಾನ್‌ಗಳು ಬೆಂಗಳೂರಿಗೆ ಸಾಕು, ಬಳ್ಳಾರಿಗೆ ಸಾಲವು. ಎರಡು ಸಾವಿರದ ಟವರ್ ಕೂಲರ್ ಹಾಕಿದ ಮೇಲೆ ಅವನ ಕೋಣೆಯಲ್ಲಿ ಹಿಟ್ಟಿನ ಗಿರಣಿಯ ಸದ್ದು ನಿಂತಿತು. ಸುಮ್ಮನೆ ಕೂತಾಗ ಮಾತ್ರ ಲೆಕ್ಕ ತಿರುಗುಮುರುಗು. ರೈಜನ್ 5600ರಲ್ಲಿ ಕೋರ್‌ಗಳು ಒಂದು ಚಿಪ್‌ನಲ್ಲಿ, ರ‍್ಯಾಮ್ ಮತ್ತಿತರ ವ್ಯವಹಾರ ನೋಡುವುದು ಇನ್ನೊಂದು ಚಿಪ್‌ನಲ್ಲಿ. ಆ ಎರಡನೆಯದು ಸದಾ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತದೆ. ಇಂಟೆಲ್‌ನದು ಒಂದೇ ತುಂಡು, ಕೆಲಸವಿಲ್ಲದಾಗ ತಣ್ಣಗಿರುತ್ತದೆ. ತಿಂಗಳ ಬಿಲ್ಲಿನಲ್ಲಿ ಇದು ಕಾಣಿಸುವಷ್ಟಿಲ್ಲ.

ಈಗ ದುಡ್ಡಿನ ಮಾತು. ಇಬ್ಬರೂ ಪ್ರೊಸೆಸರ್‌ಗೆ ಕೊಟ್ಟದ್ದು ಹೆಚ್ಚುಕಡಿಮೆ ಒಂದೇ ಆದರೂ ಮನೆಗೆ ಬಂದ ಬಿಲ್ ಒಂದೇ ಅಲ್ಲ. ನನ್ನ ಹತ್ತಿರ 2019ರ ಒಂದು ಬಿ450 ಬೋರ್ಡ್ ಇತ್ತು, ಮೇಲೆ ರೈಜನ್ 5 2600. ಬಯೋಸ್ ಹೊಸದು ಮಾಡಿ, 2600 ಕಿತ್ತು, 5600 ಕೂರಿಸಿದೆ; ಖರ್ಚು ಅಲ್ಲಿಗೇ ಮುಗಿಯಿತು. ಇದಕ್ಕೂ ಒಂದು ಹಿನ್ನೆಲೆ ಇದೆ. 5000 ಸರಣಿಯನ್ನು ನನ್ನ ಬಿ450 ಸೇರುವ 400 ಸರಣಿಯ ಬೋರ್ಡುಗಳಿಗೆ ಕೊಡುವುದಿಲ್ಲ ಎಂದು 2020ರ ಮೇ ತಿಂಗಳಲ್ಲಿ ಎಎಂಡಿ ಹೇಳಿತ್ತು. ಬಳಕೆದಾರರು ಮುಗಿಬಿದ್ದು ಬೈದ ಮೇಲೆ ಅದೇ ತಿಂಗಳು ಮಾತು ಬದಲಿಸಿತು. ಬಯ್ದವರ ಪುಣ್ಯದಲ್ಲಿ ನನ್ನದೂ ಒಂದು ಪಾಲು. ತಮ್ಮನಿಗೋ ಎಲ್ಲವೂ ಹೊಸದು: ಬಿ660 ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ. ಅವನ ಬೋರ್ಡಿನಲ್ಲಿ ಪಿಸಿಐಇ ನಾಲ್ಕನೇ ತಲೆಮಾರಿನ (ಹೆಚ್ಚು ವೇಗದ) ಎಸ್‌ಎಸ್‌ಡಿ ಪೂರ್ತಿ ವೇಗದಲ್ಲಿ ಓಡುತ್ತದೆ, ನನ್ನ ಬಿ450 ಮೂರನೆಯದಕ್ಕೇ ನಿಲ್ಲುತ್ತದೆ. ದಿನಾ ನೂರಾರು ಜಿಬಿ ಕಾಪಿ ಮಾಡುವ ಅವನಿಗೆ ಅದು ಲಾಭ. ನನಗೆ ಗೊತ್ತೂ ಆಗಲಿಲ್ಲ.

2024ರ ಕೊನೆಗೆ ಬಾಲ್ಡರ್ಸ್ ಗೇಟ್‌ನ ತಡವರಿಕೆ ತಾಳಲಾರದೆ ಅದೇ ಬೋರ್ಡಿಗೆ 5700ಎಕ್ಸ್‌3ಡಿ ತಂದೆ: 8 ಕೋರ್, 96 ಎಂಬಿ ಎಲ್3. ದೊಡ್ಡ ಒಗ್ಗರಣೆ ಡಬ್ಬಿ. ಸೈಬರ್‌ಪಂಕ್‌ನಲ್ಲಿ ಎಳ್ಳಷ್ಟೂ ಬದಲಾಗಲಿಲ್ಲ, ಆದರೆ ಊರೊಳಗಿನ ಆ ತಡವರಿಕೆ ಬಹುಪಾಲು ಮಾಯ. ಐದು ವರ್ಷ ಹಳೆಯ ಬೋರ್ಡಿನ ಮೇಲೆ ಮೂರನೇ ಪ್ರೊಸೆಸರ್.

ಅದನ್ನು ಕೂರಿಸುವಾಗ ಹೃದಯ ಬಾಯಿಗೆ ಬಂದಿತ್ತು. ನನ್ನ ಬೋರ್ಡಿನ ಎಎಮ್4 ಸಾಕೆಟ್ (ಪ್ರೊಸೆಸರ್ ಕೂರುವ ಗೂಡು) ವ್ಯವಸ್ಥೆಯಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನ ಹೊಟ್ಟೆಗೆ, 1331 ಪಿನ್. ಕೂಲರ್‌ಗೂ ಚಿಪ್‌ಗೂ ನಡುವಿನ ಪೇಸ್ಟ್ ಒಣಗಿ ಅಂಟಾಗಿತ್ತು. ಕೂಲರ್ ಮೇಲೆತ್ತಿದೆ, ಸಾಕೆಟ್ ಬೀಗ ಹಾಕಿದ್ದರೂ 5600 ಅದರ ಜೊತೆಗೇ ಕಿತ್ತು ಬಂತು. ಮೂಲೆಯ ನಾಲ್ಕೈದು ಪಿನ್ ಮಲಗಿದ್ದವು. ಎಟಿಎಂ ಕಾರ್ಡಿನ ಅಂಚನ್ನು ಸಾಲುಗಳ ನಡುವೆ ಆಡಿಸಿ, ಲೆಡ್ ತೆಗೆದ ಪೆನ್ಸಿಲ್ ತುದಿಯನ್ನು ಒಂದೊಂದಕ್ಕೂ ತೊಡಿಸಿ ನೆಟ್ಟಗೆ ಮಾಡಲು ಒಂದು ಭಾನುವಾರ ಹೋಯಿತು. ಬಿಚ್ಚುವ ಮುಂಚೆ ಹತ್ತು ನಿಮಿಷ ಗೇಮ್ ಓಡಿಸಿ ಪೇಸ್ಟ್ ಬಿಸಿ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ತೆಗೆಯಬೇಕು ಎಂಬುದು ನನಗೆ ಗೊತ್ತಿತ್ತು. ಅವಸರವಿತ್ತು, ಅಷ್ಟೇ. ಆ 5600 ಈಗ ಅಕ್ಕನ ಮಗನ ಹಳೆಯ ಎ320 ಬೋರ್ಡಿನಲ್ಲಿ ತಂಟೆಯಿಲ್ಲದೆ ನಡೆಯುತ್ತಿದೆ.

ತಮ್ಮನ ಎಲ್‌ಜಿಎ1700 ಸಾಕೆಟ್‌ಗೂ ಮುಂದಿನ ದಾರಿ ಇಲ್ಲದಿಲ್ಲ. 12, 13, 14ನೇ ತಲೆಮಾರುಗಳು ಅದರಲ್ಲಿ ಕೂರುತ್ತವೆ. ಮುಂದಿನ ಕೋರ್ ಅಲ್ಟ್ರಾ 200ಕ್ಕೆ ಬೇರೆ ಸಾಕೆಟ್. 2024ರಲ್ಲಿ 13 ಮತ್ತು 14ನೇ ತಲೆಮಾರಿನ ದೊಡ್ಡ ಚಿಪ್‌ಗಳು ಹೆಚ್ಚಿನ ವೋಲ್ಟೇಜ್‌ನಿಂದ ಕೆಡುತ್ತಿವೆ ಎಂದು ಇಂಟೆಲ್ ಒಪ್ಪಿಕೊಂಡು, ಮೈಕ್ರೊಕೋಡ್ (ಚಿಪ್‌ನ ಒಳ ಆದೇಶಗಳು) ತಿದ್ದುಪಡಿ ಕೊಟ್ಟು, ಅವುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ಸುದ್ದಿ ಓದಿ ತಮ್ಮ ಗಾಬರಿಯಾಗಿದ್ದ. 12ನೆಯದಕ್ಕೆ ಆ ರೋಗವಿಲ್ಲ. ಅವನಂಥವರಿಗೆ ಹೊಂದುವುದು ಐ5-13500. 14 ಕೋರ್, 20 ಥ್ರೆಡ್, ಒಳಗಿನ ಯುಎಚ್‌ಡಿ 770ರಲ್ಲಿ ಎರಡು ವಿಡಿಯೊ ಎಂಜಿನ್. ವಾರಂಟಿ ಹೆಚ್ಚಿಸಿದ ಆ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಹೇಳಿದ್ದೇನೆ. ನನ್ನ ಸಲಹೆ ಎಂದರೆ ಅವನು ಈಗ ಎರಡು ದಿನ ಬಿಟ್ಟು ಉತ್ತರ ಕೊಡುತ್ತಾನೆ.

ಇವತ್ತು ಯಾರಾದರೂ ಈ ಎರಡರಲ್ಲಿ ಒಂದನ್ನು ಕೇಳಿದರೆ ನಾನು ಮೊದಲು ಕೇಳುವುದು ಮನೆಯಲ್ಲಿ ಏನಿದೆ ಎಂದು. ಹಳೆ ಎಎಮ್4 ಬೋರ್ಡ್, ಡಿಡಿಆರ್4 ರ‍್ಯಾಮ್ ಇದ್ದರೆ 5600 ಕಣ್ಮುಚ್ಚಿ ತರಬಹುದು, ಅದರಲ್ಲೂ ರ‍್ಯಾಮ್ ಬೆಲೆ ಈ ಪರಿ ಏರಿರುವಾಗ. ವಿಡಿಯೊ ಎಡಿಟ್ ಹೊಟ್ಟೆಪಾಡಾದರೆ 12400, ಎಫ್ ಇಲ್ಲದ್ದು. ಬರೀ ಆಟಕ್ಕಾದರೆ ಅವತ್ತು ಅಂಗಡಿಯಲ್ಲಿ ಯಾವುದು ಐನೂರು ರೂಪಾಯಿ ಕಡಿಮೆಯೋ ಅದು. ಉಳಿದದ್ದನ್ನು ಕಾರ್ಡಿಗೆ ಹಾಕಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಯಲ್ಲೇ ಮೊಬೈಲ್ ಟಾರ್ಚ್ ಹಚ್ಚಿ ನೋಡಿ: ರೈಜನ್ 5600 ಆದರೆ ಚಿಪ್‌ನ ಹೊಟ್ಟೆ, ಇಂಟೆಲ್ ಆದರೆ ಬೋರ್ಡಿನ ಸಾಕೆಟ್, ಏಕೆಂದರೆ ಅಲ್ಲಿ ಪಿನ್‌ಗಳು ಬೋರ್ಡಿನ ಕಡೆ ಇರುತ್ತವೆ. ಓರೆಯಾಗಿ ಬೆಳಕು ಬಿಟ್ಟರೆ ಬಾಗಿದ ಪಿನ್ ಸಾಲಿನಿಂದ ಬೇರೆಯಾಗಿ ಹೊಳೆಯುತ್ತದೆ. ಚಿಪ್‌ನದನ್ನು ಪೆನ್ಸಿಲ್‌ನಿಂದ ಎಬ್ಬಿಸಬಹುದು. ಸಾಕೆಟ್‌ನದನ್ನು ಮುಟ್ಟಲು ಹೋಗಬೇಡಿ.